ತೊಳಸಮ್ಮನಿಗೆ ಹೊಳೆ ಓಗೊಟ್ಟದ್ದು

ಸೇತುವೆ ಅನ್ನುವುದು ಇನ್ನೂ ಯಾರ ಕನಸಿಗೂ ಬಾರದಿದ್ದ ಕಾಲದಲ್ಲಿ, ಬಹಳ ಹಿಂದೆ, ಹೊಳೆಯ ಈಚೆ ದಡದಲ್ಲಿ ಒಂದು ಊರಿತ್ತು. ಅದರ ಹೆಸರು ಅರಳಿಕೊಪ್ಪಲು. ಆಚೆ ದಡದಲ್ಲಿ ಇನ್ನೊಂದು ಊರು, ಗೋಪಾಲಪುರ. ಈಚೆಯದು ಚಿಕ್ಕದು, ಆಚೆಯದು ದೊಡ್ಡದು. ಗುಡಿ, ಸಂತೆ, ಸೂಲಗಿತ್ತಿ, ಪಂಚಾಂಗ ನೋಡುವವರು ಎಲ್ಲ ಆಚೆ ಇದ್ದರು. ಈಚೆ ಇದ್ದದ್ದು ಮಡಕೆ ಮಾಡುವವರು, ಹುರುಳಿ ಬೆಳೆಯುವವರು, ಮತ್ತು ತೊಳಸಮ್ಮ.

ಯಾವ ವರ್ಷ ಎಂದು ಕೇಳಬೇಡಿ. ನಾನು ಎರಡೂ ದಡದಲ್ಲಿ ವಿಚಾರಿಸಿದ್ದೇನೆ. ಈಚೆಯವರು ದೊಡ್ಡ ಪ್ರವಾಹಕ್ಕೆ ಮುಂಚೆ ಅನ್ನುತ್ತಾರೆ. ಆಚೆಯವರು ದೊಡ್ಡ ಪ್ರವಾಹ ಆದ ಮೇಲೆ ಅನ್ನುತ್ತಾರೆ. ಯಾವ ಪ್ರವಾಹ ಎಂದರೆ ಇಬ್ಬರೂ ಸುಮ್ಮನಾಗುತ್ತಾರೆ. ಆದ್ದರಿಂದ ಕಾಲವನ್ನು ಬಿಟ್ಟು ಉಳಿದದ್ದನ್ನು ಕೇಳಿದ ಹಾಗೆಯೇ ಹೇಳುತ್ತೇನೆ. ಇವರು ಹೇಳಿದ್ದಕ್ಕೂ ಅವರು ಹೇಳಿದ್ದಕ್ಕೂ ವ್ಯತ್ಯಾಸವಿದ್ದಲ್ಲಿ ಎರಡನ್ನೂ ಹೇಳುತ್ತೇನೆ.

ತೊಳಸಮ್ಮನ ಪಿಟೀಲು ಹೊಳೆಯಲ್ಲಿ ತೇಲಿಕೊಂಡು ಬಂತಂತೆ. ಹೀಗೆ ಹೇಳುವವರು ಬಹಳ ಜನ ಇದ್ದಾರೆ. ಕೇಳಲು ಚೆಂದ. ಆದರೆ ನೀರಿಗೆ ಬಿದ್ದ ಪಿಟೀಲಿನ ಅಂಟು ಬಿಟ್ಟು, ಹಲಗೆ ಹಲಗೆಯಾಗಿ ಹೋಗುತ್ತದೆ. ಅದು ಬಂದದ್ದು ಅವಳ ತಂದೆ ತಿಮ್ಮರಸಯ್ಯನವರ ಹೆಗಲ ಮೇಲೆ. ಅವರು ನಾಟಕದ ಕಂಪನಿಯಲ್ಲಿ ಪಿಟೀಲು ನುಡಿಸಿಕೊಂಡು ಊರೂರು ತಿರುಗಿದವರು. ಕಂಪನಿ ಮುಚ್ಚಿದ ಮೇಲೆ ಅರಳಿಕೊಪ್ಪಲಿಗೆ ಬಂದು ನೆಲೆಸಿದರು. ಗಂಡುಮಕ್ಕಳಿರಲಿಲ್ಲ. ಇದ್ದೊಬ್ಬ ಮಗಳಿಗೆ ಪಿಟೀಲು ಹಿಡಿಯುವುದು ಕಲಿಸಿದರು.

ಹುಡುಗಿ ಬೇಗ ಕಲಿತಳಂತೆ. ಎಷ್ಟು ಬೇಗ ಎಂದರೆ, ತಂದೆ ಒಂದು ವರ್ಣವನ್ನು ನುಡಿಸಿ ಮುಗಿಸಿ ಮೈ ಒರೆಸಿಕೊಳ್ಳುವಷ್ಟರಲ್ಲಿ ಅವಳು ಅದನ್ನೇ ಇಮ್ಮಡಿ ವೇಗದಲ್ಲಿ ನುಡಿಸಿಬಿಡುತ್ತಿದ್ದಳು. ಒಂದು ಸ್ವರ ಆಚೀಚೆ ಆಗುತ್ತಿರಲಿಲ್ಲ. ಕಮಾನು ಒಮ್ಮೆಯೂ ತೊದಲುತ್ತಿರಲಿಲ್ಲ. ಊರವರು ಕೇಳಿ, ಚೆನ್ನಾಗಿದೆ ಅಂದು, ತಮ್ಮ ಮಾತು ಮುಂದುವರಿಸುತ್ತಿದ್ದರು.

ಗೋಪಾಲಪುರದ ಗೋಪಾಲಸ್ವಾಮಿ ಗುಡಿಯಲ್ಲಿ ಆಗ ಒಂದು ಪದ್ಧತಿ ಇತ್ತು. ನವರಾತ್ರಿಯಲ್ಲಿ ಹೊಸಬರು ಬಂದು ಮಂಟಪದಲ್ಲಿ ನುಡಿಸಬೇಕು. ಹಿಡಿಸಿದರೆ ಅವರಿಗೆ ಗುಡಿಯ ಸೇವೆ ಸಿಗುತ್ತಿತ್ತು. ಹಿಡಿಸದಿದ್ದರೆ ಬೇಡ ಅನ್ನುತ್ತಿರಲಿಲ್ಲ. ದೇವರ ಮುಂದೆ ನುಡಿಸಿದವರಿಗೆ ಬೇಡ ಅನ್ನುವುದು ಅಪಚಾರ. ಧರ್ಮದರ್ಶಿ ಶಿಂಗ್ರಯ್ಯನವರು ಎದುರಿಗಿದ್ದ ಎಲೆಅಡಿಕೆ ತಟ್ಟೆಯನ್ನು ಪಕ್ಕದವರ ಕಡೆ ಸರಿಸುತ್ತಿದ್ದರು, ಅಷ್ಟೇ. ತಟ್ಟೆ ಇದ್ದಲ್ಲೇ ಇದ್ದರೆ ಸೇವೆ ಸಿಕ್ಕಿತು. ತಟ್ಟೆ ಸರಿದರೆ ಮುಗಿಯಿತು. ಆ ಸೀಮೆಯಲ್ಲಿ ಇವತ್ತಿಗೂ ಗಂಡಿನ ಕಡೆಯವರು ಹೆಣ್ಣು ನೋಡಿ ಹೋಗಿ ಸುದ್ದಿ ಕಳಿಸದಿದ್ದರೆ, ತಟ್ಟೆ ಸರಿಯಿತು ಅನ್ನುತ್ತಾರೆ.

ತೊಳಸಮ್ಮ ಮೊದಲ ಸಲ ಹೋದ ವರ್ಷ ತಟ್ಟೆ ಸರಿಯಿತು. ಅವಳು ನುಡಿಸುವುದರಲ್ಲಿ ತಪ್ಪೇ ಇರಲಿಲ್ಲವಂತೆ. ಶಿಂಗ್ರಯ್ಯನವರೇ ಪಕ್ಕದವರಿಗೆ ತಟ್ಟೆ ಕೊಡುತ್ತಾ, ತಪ್ಪೇ ಇಲ್ಲ ನೋಡಿ ಅಂದರಂತೆ.

ಇದರಲ್ಲಿ ಅವಳಿಗೆ ಒಂದು ದೊಡ್ಡ ಕಷ್ಟವಿತ್ತು. ಅವಳನ್ನು ಗೋಪಾಲಪುರದ ನಾಚಾರಮ್ಮನವರ ಮಗನಿಗೆ ಕೊಡುವುದು ಎಂದು ಮಾತಾಗಿತ್ತು. ಹುಡುಗ ಒಳ್ಳೆಯವನು, ಆಸ್ತಿಯೂ ಇತ್ತು, ತೊಳಸಮ್ಮನಿಗೂ ಒಪ್ಪಿಗೆ. ಆದರೆ ನಾಚಾರಮ್ಮನವರು ಮೊದಲೇ ಹೇಳಿಬಿಟ್ಟಿದ್ದರು.

"ಗುಡಿಗೆ ಸೇರಿದ ಪಿಟೀಲಾದರೆ ನಮ್ಮ ಮನೆಗೂ ಮರ್ಯಾದೆ. ದೇವರ ಸೇವೆಗೆ ಯಾರು ಅಡ್ಡ ಬರ್ತಾರೆ? ಸುಮ್ಮನೆ ಮನೇಲಿ ಕುಯ್ಯೋ ಪಿಟೀಲಾದರೆ ಮಾತ್ರ ಬಂದ ದಿನವೇ ಗೋಡೆಗೆ. ಆಮೇಲೆ ನನ್ನನ್ನ ಅನ್ನಬೇಡಿ."

ತಟ್ಟೆ ಸರಿದ ದಿನ ನಾಚಾರಮ್ಮನವರೂ ಮಂಟಪದಲ್ಲೇ ಕೂತಿದ್ದರು. ತಿಮ್ಮರಸಯ್ಯನವರು ಕೈ ಮುಗಿದು, ಇನ್ನೊಂದು ನವರಾತ್ರಿ ಕಾಯಿರಿ ಎಂದು ಕೇಳಿಕೊಂಡರು. ಅವರು ಒಪ್ಪಿದರು. ಕೆಟ್ಟ ಹೆಂಗಸಲ್ಲ. ಗೋಡೆಯಲ್ಲಿ ಗೂಟ ಮಾತ್ರ ಆಗಲೇ ಹೊಡೆಸಿದ್ದರಂತೆ.

ಅರಳಿಕೊಪ್ಪಲಿನಲ್ಲಿ ತಂಗಿಯ ಮನೆಯಲ್ಲಿ ಅಪ್ರಮೇಯಯ್ಯ ಎಂಬ ಭಾಗವತರು ಇದ್ದರು. ದೊಡ್ಡ ದೊಡ್ಡ ಊರುಗಳಲ್ಲಿ ಹಾಡಿ ಹೆಸರು ಮಾಡಿ, ಒಂದು ದಿನ ಹಾಡುವುದನ್ನು ಬಿಟ್ಟು ಬಂದವರು. ಯಾಕೆ ಬಿಟ್ಟರು ಎಂಬುದಕ್ಕೆ ಊರಿನಲ್ಲಿ ಮನೆಗೊಂದು ಕಾರಣ ಹೇಳುತ್ತಾರೆ. ಯಾವುದಕ್ಕೂ ಸಾಕ್ಷಿ ಇಲ್ಲವಾದ್ದರಿಂದ ನಾನು ಒಂದನ್ನೂ ಹೇಳುವುದಿಲ್ಲ. ತೊಳಸಮ್ಮ ತಂದೆಯ ಜೊತೆ ಅವರ ಮನೆಗೆ ಹೋದಾಗ ಅವರು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನುಡಿಸು ಅಂದರು. ಅವಳು ನುಡಿಸಿದಳು. ಅವರು ಸುಲಿಯುತ್ತಲೇ ಇದ್ದರು. ಅವಳು ಇನ್ನೂ ಕಷ್ಟದ್ದನ್ನು ನುಡಿಸಿದಳು. ಅವರು ಸಿಪ್ಪೆಯನ್ನು ದನಕ್ಕೆ ಹಾಕಿ ಬಂದು ಮತ್ತೆ ಕೂತರು.

"ಅದನ್ನ ಯಾರಿಗೆ ಹೇಳಿದೆ?" ಎಂದು ಕೇಳಿದರು.

"ನಿಮಗೇ," ಅಂದಳು.

"ನನ್ನ ಕಿವಿಗೆ ಬಿತ್ತು. ನನಗೆ ಹೇಳಿದ ಹಾಗೆ ಇರಲಿಲ್ಲ."

ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎಂದು ಹೇಳಿದಳು. ಅದಕ್ಕಾಗಿಯೇ ಅವರು ಅವಳನ್ನು ಶಿಷ್ಯೆ ಮಾಡಿಕೊಂಡರು ಎಂದು ನಮ್ಮ ಅತ್ತೆಯವರು ಹೇಳುತ್ತಿದ್ದರು.

ಇನ್ನು ಹೊಳೆಯ ವಿಷಯ ಹೇಳಬೇಕು. ಅಲ್ಲಿ ಹೊಳೆ ಎರಡು ಬಂಡೆಗಳ ನಡುವೆ ಕಿರಿದಾಗುತ್ತದೆ. ನೀರು ಆಳ, ಸೆಳೆತ ಜಾಸ್ತಿ. ಆದರೆ ದನಿ ಬಂಡೆಯಿಂದ ಬಂಡೆಗೆ ಜಾರಿಕೊಂಡು ಹೋಗುತ್ತದೆ. ಹರಿಗೋಲು ಹಾಕುತ್ತಿದ್ದವನು ಹೊನ್ನಗಂಗಯ್ಯ. ಅವನ ಮನೆ ಆಚೆ ದಡದಲ್ಲಿ, ಹೊಂಗೆಮರದ ಕೆಳಗೆ. ಈಚೆಯವರು ದಾಟಬೇಕಾದರೆ ಅವನನ್ನು ಕೂಗಿ ಕರೆಯಬೇಕು. ಆದರೆ ನೀರಿನ ಮೇಲೆ ಅಂಬಿಗನ ಹೆಸರು ಹಿಡಿದು ಕೂಗಬಾರದು. ಕೂಗಿದರೆ ಹೊಳೆ ಆ ಹೆಸರನ್ನು ಕಲಿತುಬಿಡುತ್ತದೆ, ಕಲಿತರೆ ಒಂದು ದಿನ ತಾನೇ ಕರೆಯುತ್ತದೆ ಎಂಬ ನಂಬಿಕೆ. ಅದಕ್ಕೇ ಎಲ್ಲರೂ ಒಂದೇ ಮಾತು ಕೂಗುತ್ತಿದ್ದರು, ಅಣ್ಣಯ್ಯಾ ಎಂದು. ಅವನಿಗಿಂತ ಹಿರಿಯ ಅಜ್ಜಿಯರೂ ಅಣ್ಣಯ್ಯಾ. ಈಚೆ ದಡದವಳಾದ ಅವನ ಸ್ವಂತ ಅತ್ತೆಯೂ ಅಣ್ಣಯ್ಯಾ.

ಕೇಳಿಸಿದರೆ ಅವನು ಅಲ್ಲಿಂದ ಓ ಅನ್ನುತ್ತಿದ್ದ. ಓ ಅಂದ ಮೇಲೆ ಬರಲೇಬೇಕು. ಓಗೊಟ್ಟು ಬಾರದಿರುವುದು ಅವನ ಕುಲದಲ್ಲಿ ಇರಲಿಲ್ಲ. ಆದ್ದರಿಂದ ಅವನು ಸುಲಭಕ್ಕೆ ಓ ಅನ್ನುತ್ತಿರಲಿಲ್ಲ. ಮಾತು ಒಂದೇ ಆದರೂ, ಕೂಗಿದ್ದು ಸಂತೆಗೋ ಸಾವಿಗೋ, ಬೀಗರಿಗೋ ಬಾಣಂತನಕ್ಕೋ ಎಂದು ಕೂಗಿನಲ್ಲೇ ತಿಳಿಯುತ್ತಿದ್ದ. ಸುಮ್ಮನೆ ಕೂಗಿದವರಿಗೆ ಬೆನ್ನು ತಿರುಗಿಸಿಕೊಂಡೇ ಇರುತ್ತಿದ್ದ. ಇದು ದೊಡ್ಡ ವಿದ್ಯೆಯೇನಲ್ಲ. ಮಗು ಯಾಕೆ ಅಳುತ್ತದೆ ಎಂದು ಎಲ್ಲ ತಾಯಂದಿರಿಗೂ ಗೊತ್ತಾಗುತ್ತದೆ. ಅವನೂ ಕೆಲವು ಸಲ ತಪ್ಪು ತಿಳಿದು, ಮದುವೆಯವರ ಕೂಗಿಗೆ ಸಾವಿನ ಮುಖ ಮಾಡಿಕೊಂಡು ಬಂದು ಬೈಸಿಕೊಂಡದ್ದುಂಟು.

ಅಪ್ರಮೇಯಯ್ಯನವರು ತೊಳಸಮ್ಮನಿಗೆ ವರ್ಣ ಬೇಡ, ಕೀರ್ತನೆ ಬೇಡ ಅಂದರು. ಹೊಳೆಯ ಮೆಟ್ಟಿಲ ಮೇಲೆ ಕೂತು, ಪಿಟೀಲಿನಲ್ಲಿ ಹರಿಗೋಲು ಕರೆ ಅಂದರು. ಅಣ್ಣಯ್ಯಾ ಎಂಬ ಒಂದು ಮಾತು. ಅವನು ಓ ಅನ್ನುವ ತನಕ ಅದೇ ಪಾಠ.

ಅವಳು ಕೂತಳು. ನುಡಿಸಿದಳು. ಆಚೆ ದಡದಲ್ಲಿ ಹೊನ್ನಗಂಗಯ್ಯ ಬೀಡಿ ಹಚ್ಚಿಕೊಂಡ.

ಜೋರಾಗಿ ನುಡಿಸಿದಳು. ಅವನು ಕೂತಲ್ಲಿಂದ ಎದ್ದು ನೆರಳಿಗೆ ಹೋಗಿ ಕೂತ.

ಬಟ್ಟೆ ಒಗೆಯುವ ಹೆಂಗಸರಿಗೆ ಒಳ್ಳೆಯ ತಮಾಷೆಯಾಯಿತು. "ಏನವ್ವ ತೊಳಸಿ, ಮೀನಿಗೆ ಪಾಠ ಹೇಳ್ತಿದ್ದೀಯಾ?" ಎಂದು ಒಬ್ಬಳು ಕೇಳಿದಳು. "ಮೀನಾದ್ರೂ ತಲೆ ಎತ್ತವೆ ಕಣಕ್ಕ, ಆ ಅಣ್ಣಯ್ಯ ಎತ್ತಾಕಿಲ್ಲ," ಎಂದು ಇನ್ನೊಬ್ಬಳು ಅಂದಳು. ತೊಳಸಮ್ಮ ನಗಲಿಲ್ಲ. ಅವಳು ನಗುವ ಹುಡುಗಿಯಲ್ಲವಂತೆ.

ಗುರುಗಳು ಸಂಜೆ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಮೊದಲ ಅಕ್ಷರದಲ್ಲಿ ಬೆರಳು ಒತ್ತಿ ಹಿಡಿ ಅಂದರು, ಕೂಗುವವರು ಉಸಿರು ಕಟ್ಟಿಕೊಳ್ಳುವುದು ಅಲ್ಲಿ. ನಡುವೆ ಜಾರು, ಆದರೆ ಜಾರಿದ್ದು ಕಾಣಬಾರದು ಅಂದರು. ಕೊನೆಯ ಅಕ್ಷರಕ್ಕೆ ಕಮಾನು ಪೂರ್ತಿ ಎಳೆ, ಎಳೆದು ತುದಿಗೆ ಬಂದಾಗ ಒತ್ತಡ ಬಿಡು, ಬಿಟ್ಟ ಮೇಲೂ ದನಿ ತಾನಾಗಿ ಸ್ವಲ್ಪ ದೂರ ಹೋಗಲಿ ಅಂದರು. ಇವೆಲ್ಲ ಅವಳಿಗೆ ಬೇಗ ಬಂದವು. ಒಂದು ಮಾತ್ರ ಬರಲಿಲ್ಲ. ಕರೆದ ಮೇಲೆ ಕಮಾನನ್ನು ಎತ್ತಿ ತೊಡೆಯ ಮೇಲಿಟ್ಟು ಕಾಯಬೇಕು ಎಂದು ಅವರು ಹೇಳಿದ್ದರು. ಅವಳಿಗೆ ಕಾಯಲು ಆಗುತ್ತಿರಲಿಲ್ಲ. ಕೈ ತಾನಾಗಿ ಮತ್ತೆ ತಂತಿಗೆ ಹೋಗುತ್ತಿತ್ತು.

"ಉತ್ತರಕ್ಕೆ ಜಾಗವನ್ನೇ ಬಿಡೋದಿಲ್ಲ ನೀನು," ಅಂದರು ಗುರುಗಳು. "ಪಾಪ, ಅವನು ಓ ಅನ್ನಬೇಕು ಅಂದುಕೊಂಡರೂ ಎಲ್ಲಿ ಅಂತಾನೆ?"

ಆಮೇಲೆ, ಕೂಗುವವರನ್ನು ಕೇಳು ಅಂದರು. ಅವಳು ಕೇಳತೊಡಗಿದಳು. ಮೊಸರು ಮಾರುವವಳ ಅಣ್ಣಯ್ಯಾ ಗಿಡ್ಡ, ತಲೆಯ ಮೇಲೆ ಗಡಿಗೆ ಇರುತ್ತದೆ, ಕತ್ತು ಎತ್ತುವ ಹಾಗಿಲ್ಲ. ಸಂತೆಗೆ ಹೋಗುವವರದು ಆಗಲೇ ಹರಿಗೋಲು ಹತ್ತಿದವರ ಹಾಗೆ. ಅತ್ತೆಯ ಜೊತೆ ಜಗಳವಾಡಿ ತವರಿಗೆ ಹೊರಟ ಸೊಸೆಯದು ಎಲ್ಲಕ್ಕಿಂತ ಬೇರೆ. ಎದುರಿನವನಿಗೆ ಕೇಳಬೇಕು, ಹಿಂದಿನ ಊರಿಗೆ ಕೇಳಬಾರದು. ತೊಳಸಮ್ಮ ಇವನ್ನೆಲ್ಲ ಒಂದೊಂದಾಗಿ ಪಿಟೀಲಿಗೆ ಇಳಿಸಿಕೊಂಡಳು. ಕಣ್ಣು ಮುಚ್ಚಿ ಕೇಳಿದರೆ ಮೊಸರಿನವಳೇ ನಿಂತ ಹಾಗೆ ಇರುತ್ತಿತ್ತಂತೆ. ಹೊನ್ನಗಂಗಯ್ಯ ಒಂದೆರಡು ಸಲ ತಲೆ ತಿರುಗಿಸಿದ. ಓ ಅನ್ನಲಿಲ್ಲ.

ಶ್ರಾವಣದಲ್ಲಿ ಹೊಳೆ ತುಂಬಿತು. ಆಗ ಒಂದು ಬೆಳಿಗ್ಗೆ ಗಾಣಿಗರ ಮನೆಯ ಸೊಸೆಗೆ ನೋವು ಶುರುವಾಯಿತು. ಸೂಲಗಿತ್ತಿ ಇದ್ದದ್ದು ಆಚೆ. ಆ ಸೊಸೆಯ ಅತ್ತೆ ಮೆಟ್ಟಿಲಿಗೆ ಓಡಿ ಬಂದು ಕೂಗಿದಳು. ಹೊನ್ನಗಂಗಯ್ಯ ಆ ಕೂಗು ಮುಗಿಯುವ ಮೊದಲೇ ಓ ಅಂದು, ತುಂಬಿದ ಹೊಳೆಯಲ್ಲಿ ಸೂಲಗಿತ್ತಿಯನ್ನು ಕರೆತಂದ. ಮಗು ಸುಖವಾಗಿ ಹುಟ್ಟಿತು. ತೊಳಸಮ್ಮ ಆ ಕೂಗನ್ನು ಕೇಳಿದ್ದಳು.

ಮುಂದೆ ಏನಾಯಿತು ಎಂಬುದರಲ್ಲಿ ಎರಡೂ ದಡದವರಿಗೆ ಭಿನ್ನಾಭಿಪ್ರಾಯವಿಲ್ಲ. ಅವಳು ಆ ಕೂಗನ್ನು ಮನೆಯಲ್ಲಿ ಕೂತು ಕಲಿತಳು. ಎಲ್ಲಿ ದನಿ ಒಡೆಯಿತು, ಎಲ್ಲಿ ಉಸಿರು ಸಾಲದೆ ಕೊನೆಯ ಅಕ್ಷರ ನಡುಗಿತು, ಎಲ್ಲವನ್ನೂ ಬೆರಳಿಗೆ ತಂದುಕೊಂಡಳು. ಒಂದು ದಿನ ಮೆಟ್ಟಿಲಿಗೆ ಬಂದು ಅದನ್ನು ನುಡಿಸಿದಳು. ಆಚೆಯಿಂದ ಓ ಎಂದು ಬಂತು.

ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಎದ್ದು ನಿಂತಳಂತೆ. ಹರಿಗೋಲು ಸೆಳವಿಗೆ ಸಿಕ್ಕಿ ಬುಗುರಿಯ ಹಾಗೆ ತಿರುಗುತ್ತಾ ಬಂತು. ಅದರಲ್ಲಿ ಹೊನ್ನಗಂಗಯ್ಯ ಒಬ್ಬನೇ ಇರಲಿಲ್ಲ. ಸೂಲಗಿತ್ತಿಯನ್ನೂ ಕೂರಿಸಿಕೊಂಡು ಬಂದಿದ್ದ. ಮುದುಕಿ ತಲೆಯಿಂದ ಕಾಲಿನವರೆಗೆ ನೆನೆದಿದ್ದಳು.

"ಯಾರಿಗವ್ವ ನೋವು?" ಎಂದು ಕೇಳಿದ ಅವನು.

ತೊಳಸಮ್ಮ ಪಿಟೀಲನ್ನು ಸೆರಗಿನ ಮರೆಗೆ ಸರಿಸಿದಳು.

"ಯಾರ ಮನೇಲಿ? ಬೇಗ ಹೇಳು ತಾಯಿ."

"ಯಾರಿಗೂ ಇಲ್ಲ," ಅಂದಳು. "ನಾನೇ ನುಡಿಸಿದ್ದು."

ಸೂಲಗಿತ್ತಿ ಸೆರಗು ಹಿಂಡಿಕೊಂಡಳು. ಅವಳೂ ಬಯ್ಯಲಿಲ್ಲ, ಅವನೂ ಬಯ್ಯಲಿಲ್ಲ. ಹೊನ್ನಗಂಗಯ್ಯ ಪಿಟೀಲನ್ನು ಒಂದು ಸಲ ನೋಡಿ, ಅಲ್ಲಿ ಒಗೆಯುತ್ತಿದ್ದವರಿಗೆಲ್ಲ ಕೇಳುವ ಹಾಗೆ, ಆ ಪಿಟೀಲು ನನ್ನ ಹರಿಗೋಲಿಗೆ ಹತ್ತಂಗಿಲ್ಲ ಎಂದು ಹೇಳಿ ಹೊರಟುಹೋದ.

ಅಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತು. ಆ ವಾರದಲ್ಲೇ ಕುಂಬಾರರ ಮನೆಯಲ್ಲಿ ನಿಜವಾಗಿ ನೋವು ಬಂತು. ಕುಂಬಾರಗಿತ್ತಿ ಬಂದು ಕೂಗಿದಳು. ಹೊನ್ನಗಂಗಯ್ಯನಿಗೆ ಕೇಳಿಸಿತು. ಪಿಟೀಲು ಇರಬೇಕು ಎಂದುಕೊಂಡ. ಅವಳು ಮತ್ತೆ ಕೂಗಿದಳು, ಅವನು ಮತ್ತೆ ಹಾಗೆಯೇ ಅಂದುಕೊಂಡ. ಒಗೆಯುವ ಹೆಂಗಸರೆಲ್ಲ ಸೇರಿ ಸೀರೆ ಬೀಸಿ ಕೂಗಿದ ಮೇಲೆ ಎದ್ದ. ಸೂಲಗಿತ್ತಿ ಬಂದಾಗ ತಡವಾಗಿತ್ತು. ಕೆಲವರು ಆ ಮಗು ಉಳಿಯಲಿಲ್ಲ ಅನ್ನುತ್ತಾರೆ. ಅದು ಸರಿಯಲ್ಲ. ತಾಯಿ ಬಹಳ ನರಳಿದಳು, ಆದರೆ ಇಬ್ಬರೂ ಉಳಿದರು. ಮಗುವಿಗೆ ಹೊಳೆಯಮ್ಮ ಎಂದು ಹೆಸರಿಟ್ಟರು. ಆ ಹೊಳೆಯಮ್ಮನ ವಂಶದವರೇ ನನಗೆ ಈ ಕಥೆಯ ಅರ್ಧವನ್ನು ಹೇಳಿದವರು.

ತೊಳಸಮ್ಮ ಪಿಟೀಲನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಳು. ಕುಂಬಾರರ ಮನೆಗೆ ಹೋಗಿ ಬಾಣಂತಿಗೆ ನೀರು ಕಾಯಿಸಿಕೊಟ್ಟು ಬಂದಳು. ದಿನಾ ಹೋಗುತ್ತಿದ್ದಳಂತೆ. ಕುಂಬಾರರು ಬೇಡ ಅನ್ನಲೂ ಇಲ್ಲ, ಬಾ ಅನ್ನಲೂ ಇಲ್ಲ. ಭಾದ್ರಪದ ಬಂದರೂ ಅವಳು ಪಾಠಕ್ಕೆ ಹೋಗಲಿಲ್ಲ. ಅಪ್ರಮೇಯಯ್ಯನವರೇ ಮನೆಗೆ ಬಂದರು. ಶಿಷ್ಯರ ಮನೆ ಬಾಗಿಲಿಗೆ ಅವರು ಎಂದೂ ಹೋದವರಲ್ಲ.

ಅವಳು ಕಾಲಿಗೆ ಬಿದ್ದು, ನಿಮ್ಮ ಪಾಠದ ಪ್ರಕಾರವೇ ಮಾಡಿದೆ, ಅವನು ಓ ಅನ್ನುವ ಹಾಗೆಯೇ ಕರೆದೆ ಎಂದು ಹೇಳಿದಳು. ಅದರಲ್ಲಿ ಸ್ವಲ್ಪ ಸಿಟ್ಟೂ ಇತ್ತಂತೆ.

"ಗಾಣಿಗಿತ್ತಿ ಕರೆದ ಹಾಗೆ ಕರೆದೆ," ಅಂದರು ಅವರು. "ಅದು ಅವಳದು. ಅವಳ ಸೊಸೆ ಒಳಗೆ ಒದ್ದಾಡ್ತಿದ್ದಳು. ನೀನು ಅದನ್ನ ಎತ್ತಿಕೊಂಡು ಬಂದೆ. ಪಾಠ ಹೇಳುವಾಗ ಇದನ್ನ ಮೊದಲೇ ಹೇಳಬೇಕಿತ್ತು ನಾನು, ಹೇಳಲಿಲ್ಲ. ಈಗ ಹೇಳು, ನಿನಗೆ ಏನು ಬೇಕು?"

"ಗುಡಿಯ ಸೇವೆ."

"ಅದು ನಾಚಾರಮ್ಮನಿಗೆ ಬೇಕಾದ್ದು. ನಿನಗೆ?"

ಒಲೆಯ ಮೇಲಿನ ಅನ್ನ ಸೀದುಹೋಯಿತು ಎಂದು ಈ ಜಾಗದಲ್ಲಿ ಹೇಳುವವರು ತಪ್ಪದೆ ಹೇಳುತ್ತಾರೆ. ಕೊನೆಗೆ ಅಟ್ಟದ ಕಡೆ ನೋಡಿ, ಅದು ಗೋಡೆಗೆ ಹೋಗಬಾರದು ಅಂದಳು.

"ಹಾಗಾದರೆ ಅದನ್ನೇ ಹೇಳು," ಅಂದರು ಗುರುಗಳು. "ಮಾತು ಮಾತ್ರ ಅದೇ ಅಣ್ಣಯ್ಯಾ ಇರಲಿ."

ಆಮೇಲೆ ಅವಳು ಮೆಟ್ಟಿಲಿಗೆ ಹೋಗಲಿಲ್ಲ. ಹೊಳೆಗೆ ಬೆನ್ನು ಹಾಕಿ, ಗುರುಗಳ ಹಿತ್ತಿಲಿನಲ್ಲಿ ಕೂತು ಮಂದ ದನಿಯಲ್ಲಿ ನುಡಿಸುತ್ತಿದ್ದಳು. ಏನು ನುಡಿಸಿದಳು ಎಂದು ಕೇಳಿದವರಿಲ್ಲ. ಗುರುಗಳು ಸುಲಿಯುವ ಅವರೆಕಾಯಿ ಆ ಹೊತ್ತಿಗೆ ಮುಗಿದಿತ್ತು, ಸುಮ್ಮನೆ ಕೂತಿರುತ್ತಿದ್ದರು ಎಂದಷ್ಟೇ ಅವರ ತಂಗಿಯ ಮನೆಯವರು ಹೇಳಿದ್ದಾರೆ.

ನವರಾತ್ರಿ ಬಂತು. ತೊಳಸಮ್ಮ ನುಡಿಸಬೇಕಾದ ದಿನ ಅರಳಿಕೊಪ್ಪಲಿಗೆ ಅರಳಿಕೊಪ್ಪಲೇ ಹೊಳೆ ದಾಟಿತು. ಹೊನ್ನಗಂಗಯ್ಯ ಎಲ್ಲರನ್ನೂ ಸಾಗಿಸಿದ. ತೊಳಸಮ್ಮನನ್ನೂ ಹತ್ತು ಅಂದ. ಪಿಟೀಲು ಬೇಡ ಅಂದ. ತಿಮ್ಮರಸಯ್ಯನವರು ಬೇಡಿಕೊಂಡರು, ಅವನು ಹುಟ್ಟು ಹಿಡಿದುಕೊಂಡು ನೀರನ್ನೇ ನೋಡುತ್ತಾ ನಿಂತ. ಹೇಳಿದ ಮಾತು ಹೇಳಿ ಆಗಿತ್ತು. ಆ ಸೀಮೆಯಲ್ಲಿ ಇನ್ನೊಂದು ಪಿಟೀಲು ಇರಲಿಲ್ಲ, ಇನ್ನೊಂದು ಹರಿಗೋಲೂ ಇರಲಿಲ್ಲ. ಕೊನೆಗೆ ತಂದೆಯೇ ಮುಂದೆ ಹೋದರು, ಸ್ವಲ್ಪ ತಡೆಯಿರಿ ಎಂದು ಧರ್ಮದರ್ಶಿಗಳನ್ನು ಕೇಳಿಕೊಳ್ಳಲು. ಈಚೆ ದಡದಲ್ಲಿ ಉಳಿದವರು ತೊಳಸಮ್ಮ, ಅವಳ ಪಿಟೀಲು, ಮತ್ತು ಅಪ್ರಮೇಯಯ್ಯನವರು.

ಬಿಸಿಲು ಇಳಿಯುತ್ತಾ ಬಂತು. ಆಚೆ ಗುಡಿಯಲ್ಲಿ ಓಲಗ ಶುರುವಾದದ್ದು ಕೇಳಿಸಿತು. ತೊಳಸಮ್ಮ ಮೆಟ್ಟಿಲ ಮೇಲೆ ಕೂತು, ಕಮಾನಿಗೆ ರಾಳ ಹಚ್ಚಿ, ಒಂದೇ ಒಂದು ಸಲ ಕರೆದಳು. ಕರೆದು ಕಮಾನನ್ನು ತೊಡೆಯ ಮೇಲಿಟ್ಟುಕೊಂಡು ಕಾದಳು. ಕೈ ತಂತಿಗೆ ಹೋಗಲಿಲ್ಲ.

ಇಲ್ಲಿಂದ ಆಚೆ ದಡದವರು ಹೇಳುವುದು. ಹೊನ್ನಗಂಗಯ್ಯ ಹರಿಗೋಲನ್ನು ಬೋರಲು ಹಾಕಿಕೊಂಡು ಚರ್ಮಕ್ಕೆ ತೇಪೆ ಹಾಕುತ್ತಿದ್ದನಂತೆ. ಅವನ ಕೈ ನಿಂತಿತು. ಹೆಂಡತಿಯನ್ನು ಕರೆದು, ಯಾರ ಮನೆ ಕೂಗು ಇದು ಎಂದು ಕೇಳಿದ. ಅವಳು ಗೊತ್ತಿಲ್ಲ ಅಂದಳು. ಅವನಿಗೂ ಗೊತ್ತಾಗಲಿಲ್ಲ. ಸಂತೆಯದಲ್ಲ, ಸಾವಿನದಲ್ಲ, ನೋವಿನದಲ್ಲ. ಅರಳಿಕೊಪ್ಪಲಿನ ಎಲ್ಲ ಮನೆಯ ಕೂಗೂ ಅವನಿಗೆ ಗೊತ್ತು, ಇದು ಯಾವುದೂ ಆಗಿರಲಿಲ್ಲ. ಯಾರೋ ಊರಿಗೆ ಹೊಸಬರು ದಡದಲ್ಲಿ ಸಿಕ್ಕಿಕೊಂಡಿದ್ದಾರೆ ಎಂದುಕೊಂಡ. ಗೊತ್ತಿಲ್ಲದ ಕೂಗು ಬಂದರೆ ಹೋಗಿ ನೋಡಬೇಕು ಎಂಬುದು ಅವರ ಕುಲದ ಕಟ್ಟಳೆ. ಅವನು ಬಂಡೆಯ ಮೇಲೆ ಹತ್ತಿ ಓ ಅಂದ.

ಹರಿಗೋಲು ಈಚೆ ದಡಕ್ಕೆ ಬಂತು. ಹೊಸಬರು ಯಾರೂ ಇರಲಿಲ್ಲ.

"ನೀನಾ ಕರೆದದ್ದು?" ಎಂದು ಕೇಳಿದ.

"ಹೂಂ ಅಣ್ಣಯ್ಯ."

"ಯಾರಿಗೆ?"

"ನನಗೆ," ಅಂದಳು. "ದಾಟಬೇಕು."

ಅವನು ಪಿಟೀಲನ್ನು ನೋಡಿದ. ಓ ಅಂದಾಗಿತ್ತು. ಹತ್ತಂಗಿಲ್ಲ ಎಂದೂ ಅಂದಾಗಿತ್ತು. ಎರಡು ಮಾತಿನ ನಡುವೆ ಅವನು ನಿಂತಿದ್ದ, ಹರಿಗೋಲು ದಡಕ್ಕೆ ತಗುಲಿ ತಗುಲಿ ಅಲ್ಲಾಡುತ್ತಿತ್ತು. ಆಮೇಲೆ ಅವನು ಹೇಳಿದ ಮಾತನ್ನು ಎರಡೂ ದಡದವರು ಒಂದೇ ರೀತಿ ಹೇಳುತ್ತಾರೆ.

"ನಾನು ಹತ್ತಂಗಿಲ್ಲ ಅಂದದ್ದು ಆ ಪಿಟೀಲಿಗೆ. ಇದು ಅದಲ್ಲ. ಇದನ್ನ ಇವತ್ತೇ ಕೇಳಿದ್ದು ನಾನು. ಹತ್ತು ತಾಯಿ, ಹೊತ್ತಾಯ್ತದೆ."

ಗುರುಗಳು ಹತ್ತಲಿಲ್ಲ. ನಾನು ಇಲ್ಲಿಂದಲೇ ಕೇಳ್ತೀನಿ ಅಂದರು.

ಅವಳು ಮಂಟಪಕ್ಕೆ ಹೋಗುವಷ್ಟರಲ್ಲಿ ಮಂಗಳಾರತಿಯ ಸಿದ್ಧತೆ ನಡೆದಿತ್ತು. ತಿಮ್ಮರಸಯ್ಯನವರು ಕಂಬಕ್ಕೆ ಒರಗಿ ನಿಂತಿದ್ದರು, ಎಷ್ಟು ಕೈ ಮುಗಿದಿದ್ದರೋ, ಬೆರಳು ಬಿಡಿಸಲೂ ಮರೆತಿದ್ದರಂತೆ. ನಾಚಾರಮ್ಮನವರು ಏಳಲು ಒಂದು ಕೈ ಊರಿದ್ದರು. ಶಿಂಗ್ರಯ್ಯನವರು, ಬಂದಿದ್ದಾಳೆ, ಒಂದು ಪದ ನುಡಿಸಲಿ, ಹೆಚ್ಚು ಬೇಡ ಅಂದರು. ಎಡಗೈಯಲ್ಲಿ ಎಲೆ, ಬಲಗೈ ಬೆರಳ ತುದಿಯಲ್ಲಿ ಸುಣ್ಣ. ತಟ್ಟೆ ಎದುರಿಗೇ ಇತ್ತು.

ಆಡುತ್ತಾ ದೂರ ಹೋದ ಕೃಷ್ಣನನ್ನು ತಾಯಿ ಮನೆಗೆ ಕರೆಯುವ ಒಂದು ಪದವನ್ನು ಅವಳು ಎತ್ತಿಕೊಂಡಳು. ಎಲ್ಲರಿಗೂ ಗೊತ್ತಿದ್ದ ಪದವೇ. ನಿಧಾನವಾಗಿ ಮೊದಲ ಸಾಲು ನುಡಿಸಿ, ಕಮಾನನ್ನು ಎತ್ತಿ ತೊಡೆಯ ಮೇಲಿಟ್ಟು ಸುಮ್ಮನಾದಳು.

ಮಂಟಪದಲ್ಲಿ ಹೀಗೆ ನಡುವೆ ನಿಲ್ಲಿಸಿದವರು ಯಾರೂ ಇರಲಿಲ್ಲ. ಮರೆತಳು ಎಂದು ಕೆಲವರು ಅಂದುಕೊಂಡರು. ಮಾತಾಡುತ್ತಿದ್ದವರು ಸುಮ್ಮನಾದರು. ಗಂಟೆ ಹಿಡಿದಿದ್ದ ಅರ್ಚಕರು ಹಾಗೇ ನಿಂತರು.

ಆ ಮೌನದಲ್ಲಿ ಯಾರೋ ಓ ಅಂದರು.

ದೇವರೇ ಓ ಅಂದ ಎಂದು ಅರಳಿಕೊಪ್ಪಲಿನವರು ಹೇಳುತ್ತಾರೆ. ಹೊಳೆ ಓ ಅಂದಿತು ಎಂದು ಇನ್ನು ಕೆಲವರು. ಕಥೆಗೆ ಆ ಹೆಸರೇ ನಿಂತಿದೆ, ನಾನೂ ಅದನ್ನು ಬದಲಿಸಿಲ್ಲ. ಆದರೆ ಓ ಅಂದವರು ಧರ್ಮದರ್ಶಿ ಶಿಂಗ್ರಯ್ಯನವರು. ಇದನ್ನು ಅವರ ಮನೆತನದವರೇ, ಸ್ವಲ್ಪ ಸಂಕೋಚದಿಂದ, ನನಗೆ ಹೇಳಿದ್ದಾರೆ. ಓ ಅಂದು ಅರ್ಧ ಎದ್ದೂ ಬಿಟ್ಟಿದ್ದರಂತೆ. ಅವರ ತಾಯಿ ಅವರನ್ನು ಊಟಕ್ಕೆ ಕರೆಯುತ್ತಿದ್ದದ್ದು ಬಹಳ ಹಿಂದೆ. ಎದ್ದವರು ಸುತ್ತ ನೋಡಿ, ಮತ್ತೆ ಕೂತು, ಮುಂದೆ ನುಡಿಸಮ್ಮ ಅಂದರು. ಅಮ್ಮ ಎಂಬುದನ್ನು ಸೇರಿಸಿದರು ಎಂಬುದನ್ನು ನಾಚಾರಮ್ಮನವರು ಗಮನಿಸಿದರು. ಬೆರಳಿನ ಸುಣ್ಣ ಒಣಗಿತು. ತಟ್ಟೆ ಇದ್ದಲ್ಲೇ ಇತ್ತು.

ಅದೇ ಹೊತ್ತಿಗೆ ಈಚೆ ದಡದ ಮೆಟ್ಟಿಲ ಮೇಲೆ ಕೂತಿದ್ದ ಅಪ್ರಮೇಯಯ್ಯನವರು ಎದ್ದು, ಪಂಚೆ ಕೊಡವಿಕೊಂಡು, ಮನೆಗೆ ಹೋದರು ಎಂದು ಹೇಳುತ್ತಾರೆ. ಗುಡಿ ದಡದಿಂದ ದೂರ, ಓಲಗ ಕೇಳಿಸಿದರೂ ಅಲ್ಲಿನ ಮಾತು ಹೊಳೆ ದಾಟಿ ಕೇಳಿಸುವುದಿಲ್ಲ. ನಾನೇ ನಿಂತು ಪರೀಕ್ಷೆ ಮಾಡಿದ್ದೇನೆ. ಆದರೆ ಹೇಳುವವರು ಯಾರೂ ಇದನ್ನು ಬಿಡುವುದಿಲ್ಲ, ಆದ್ದರಿಂದ ನಾನೂ ಬಿಡುವುದಿಲ್ಲ.

ತೊಳಸಮ್ಮನಿಗೆ ಸೇವೆ ಸಿಕ್ಕಿತು, ಮಾಘದಲ್ಲಿ ಮದುವೆಯಾಯಿತು. ನಾಚಾರಮ್ಮನವರು ಹೊಡೆಸಿದ್ದ ಗೂಟದಲ್ಲಿ ಕೊನೆಯವರೆಗೂ ಮೊರ ನೇತಾಡುತ್ತಿತ್ತು. ತೊಳಸಮ್ಮ ಮುದುಕಿಯಾಗುವ ತನಕ ಗುಡಿಯಲ್ಲಿ ನುಡಿಸಿದಳು. ಶಿಷ್ಯರನ್ನು ಈಚೆ ದಡದ ಆ ಮೆಟ್ಟಿಲಿನ ಮೇಲೆಯೇ ಕೂರಿಸಿ ಪಾಠ ಹೇಳಿದಳು. ನೋವಿನ ಕೂಗನ್ನು ಮಾತ್ರ ಯಾರಿಗೂ ಕಲಿಸಲಿಲ್ಲ, ಕಲಿಯಲೂ ಬಿಡಲಿಲ್ಲ. ತವರಿಗೆ ಹೋದಾಗಲೆಲ್ಲ ಕುಂಬಾರರ ಹೊಳೆಯಮ್ಮನಿಗೆ ತಾನೇ ತಲೆ ಬಾಚುತ್ತಿದ್ದಳಂತೆ.

ಈಗ ಅಲ್ಲಿ ಸೇತುವೆ ಆಗಿದೆ. ಬಸ್ಸು ಓಡಾಡುತ್ತದೆ. ಹೊನ್ನಗಂಗಯ್ಯನ ವಂಶದವರು ಹರಿಗೋಲು ಬಿಟ್ಟು ಬಹಳ ಕಾಲವಾಯಿತು. ಆದರೂ ಆ ಎರಡು ಊರುಗಳಲ್ಲಿ ಯಾವ ಮಗು ಪಿಟೀಲು ಕಲಿತರೂ, ಗುಡಿಯಲ್ಲಿ ನುಡಿಸುವ ಮೊದಲು ಈಚೆ ದಡದ ಮೆಟ್ಟಿಲಿಗೆ ಕರೆದುಕೊಂಡು ಹೋಗುತ್ತಾರೆ. ಮಗು ಆಚೆ ದಡಕ್ಕೆ ಮುಖ ಮಾಡಿ ಅಣ್ಣಯ್ಯಾ ಎಂದು ಒಂದು ಸಲ ನುಡಿಸಿ, ಕಮಾನನ್ನು ತೊಡೆಯ ಮೇಲಿಟ್ಟು ಕಾಯುತ್ತದೆ.

ಆಚೆ ದಡದಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಬಟ್ಟೆ ಒಗೆಯುವವರು, ಎಮ್ಮೆ ತೊಳೆಯುವವರು, ಬಸ್ಸಿಗೆ ಕಾಯುತ್ತಾ ಕೈಕಾಲು ತೊಳೆಯಲು ಇಳಿದವರು. ಪಿಟೀಲು ಕೇಳಿದ ಕೂಡಲೇ ಅವರು ತಮ್ಮ ಮಾತು ನಿಲ್ಲಿಸುತ್ತಾರೆ. ಸುಮ್ಮಸುಮ್ಮನೆ ಓ ಅನ್ನುವುದಿಲ್ಲ. ಸ್ವಂತ ಮೊಮ್ಮಗು ನುಡಿಸಿದರೂ ಅನ್ನುವುದಿಲ್ಲ, ಕನಿಕರಕ್ಕೆ ಅನ್ನುವುದಂತೂ ಇಲ್ಲವೇ ಇಲ್ಲ. ಅವರು ಹಾಗೆ ಮಾಡಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಉತ್ತರ ಬಾರದಿದ್ದರೆ ಮಗುವನ್ನು ಯಾರೂ ಗದರುವುದಿಲ್ಲ. ಇನ್ನೊಂದು ದಿನ ಬರೋಣ ಎಂದು ಪಿಟೀಲು ಸುತ್ತಿಕೊಂಡು ಮನೆಗೆ ಹೋಗುತ್ತಾರೆ.

ಎಂದಾದರೂ ಒಂದು ದಿನ ಆಚೆಯಿಂದ ಓ ಎಂದು ಬರುತ್ತದೆ. ಆಗ ಈಚೆ ದಡದಲ್ಲಿ ಮಗುವಿನ ಪಕ್ಕ ನಿಂತ ಹಿರಿಯರು ಒಂದು ಮಾತು ಹೇಳಬೇಕು. ಹರಿಗೋಲು ಬಂತು, ಹತ್ತು ಅನ್ನಬೇಕು. ಮಕ್ಕಳು ನಗುವುದಿಲ್ಲ. ಎದ್ದು, ಪಿಟೀಲನ್ನು ಎದೆಗೆ ಹಿಡಿದುಕೊಂಡು, ನೀರಿನ ಅಂಚಿಗೆ ಒಂದು ಹೆಜ್ಜೆ ಇಡುತ್ತವೆ.